ಜನಗಣತಿಯಲ್ಲಿ ಐದು ವರ್ಷದ ಸಿಪಾಯಿ

1959ರ ಡಿಸೆಂಬರ್ 19ರಂದು ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ವಾಲ್ಟರ್ ವಿಲಿಯಮ್ಸ್ ಎಂಬ ಅಜ್ಜ ತೀರಿಕೊಂಡರು. ಕಣ್ಣು ಕಾಣುತ್ತಿರಲಿಲ್ಲ, ಕಿವಿಯೂ ಹೆಚ್ಚುಕಮ್ಮಿ ಹೋಗಿತ್ತು, ಮಗಳ ಮನೆಯಲ್ಲಿ ಹಾಸಿಗೆ ಹಿಡಿದಿದ್ದರು. ವಯಸ್ಸು 117 ಅಂತ ಹೇಳುತ್ತಿದ್ದರು. ಆದರೆ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರೇ ಅಧಿಕೃತವಾಗಿ ಸಂತಾಪ ಸೂಚಿಸಿದ್ದು ವಯಸ್ಸಿಗಲ್ಲ. 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಲ್ಲಿ ಹೋರಾಡಿದ ಕೊನೆಯ ಸಿಪಾಯಿ ಇವರೇ ಅಂತ. ಆರು ಲಕ್ಷಕ್ಕೂ ಹೆಚ್ಚು ಜನ ಸತ್ತ ಯುದ್ಧ ಅದು. ಅದರ ಕೊನೇ ಕೊಂಡಿ ಕಳಚಿತು ಅಂತ ಪತ್ರಿಕೆಗಳು ಬರೆದವು.

ಸಮಸ್ಯೆ ಒಂದೇ. ಆ ಅಜ್ಜ ಯುದ್ಧಕ್ಕೆ ಹೋಗಿರಲಿಲ್ಲ. ಯುದ್ಧ ಮುಗಿದಾಗ ಅವರಿಗೆ ಹೆಚ್ಚೆಂದರೆ ಹತ್ತು ವರ್ಷ.

ಇದು ಗೊತ್ತಾಗಿದ್ದು ಯಾರೋ ಶತ್ರು ಬಾಯಿಬಿಟ್ಟಿದ್ದರಿಂದ ಅಲ್ಲ, ಹಳೇ ಜನಗಣತಿ ಪುಸ್ತಕದ ಒಂದು ಸಾಲಿನಿಂದ. ಸತ್ತ ಸೈನಿಕನೊಬ್ಬನ ಬದುಕನ್ನು ವಂಶಾವಳಿಯ ಕಾಗದಗಳಿಂದ ಮತ್ತೆ ಕಟ್ಟೋದು ಹೇಗೆ ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳೋದು ಇದೇ ಕಥೆ. ಕಾಗದ ಏನನ್ನು ಹಿಡಿದುಕೊಡುತ್ತೆ, ಏನನ್ನು ಬಿಟ್ಟುಬಿಡುತ್ತೆ ಅನ್ನೋದು ಎರಡೂ ಇದರಲ್ಲಿದೆ.

ವಿಲಿಯಮ್ಸ್ ಅಜ್ಜನ ಹೇಳಿಕೆ ಹೀಗಿತ್ತು: ಹುಟ್ಟಿದ್ದು 1842ರ ನವೆಂಬರ್ 14, ಮಿಸಿಸಿಪ್ಪಿ ರಾಜ್ಯದ ಇಟವಾಂಬ ಕೌಂಟಿಯಲ್ಲಿ. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ ಅಂದ್ಕೊಳ್ಳಿ. ಯುದ್ಧದಲ್ಲಿ ದಕ್ಷಿಣದ ಪಡೆಗೆ, ಅಂದರೆ ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಒಕ್ಕೂಟದಿಂದ ಸಿಡಿದು ಹೋದ ರಾಜ್ಯಗಳ ಕಾನ್ಫೆಡರೇಟ್ ಸೈನ್ಯಕ್ಕೆ ಸೇರಿದ್ದು. ಅಲ್ಲಿ ಜನರಲ್ ಹುಡ್ ಹೆಸರಿನ ಟೆಕ್ಸಾಸ್ ಬ್ರಿಗೇಡಿಗೆ ದವಸ, ದನ ಹೊಂದಿಸಿ ತರುವ ಕೆಲಸ. ಇದರ ಮೇಲೆ 1932ರಲ್ಲಿ ಟೆಕ್ಸಾಸ್ ಸರ್ಕಾರಕ್ಕೆ ಪಿಂಚಣಿ ಅರ್ಜಿ ಹಾಕಿದ್ದರು. ಅದು ಮಂಜೂರಾಗಿತ್ತು.

1959ರ ಸೆಪ್ಟೆಂಬರಿನಲ್ಲಿ, ಅಜ್ಜ ಇನ್ನೂ ಬದುಕಿದ್ದಾಗಲೇ, ಸ್ಕ್ರಿಪ್ಸ್-ಹಾವರ್ಡ್ ಪತ್ರಿಕಾ ಬಳಗದ ವರದಿಗಾರ ಲೋವೆಲ್ ಬ್ರಿಡ್‌ವೆಲ್ ಈ ಕಥೆಯನ್ನು ಕೆದಕಿದರು. ಸೈನ್ಯದ ದಾಖಲೆಗಳಲ್ಲಿ ಇವರು ಸೇವೆ ಮಾಡಿದ್ದಕ್ಕೆ ಪುರಾವೆ ಸಿಗಲಿಲ್ಲ. ಅದೊಂದರಿಂದಲೇ ಏನೂ ಸಾಬೀತಾಗೋದಿಲ್ಲ. ಕಾನ್ಫೆಡರೇಟ್ ಸೈನ್ಯದ ದಾಖಲೆಗಳು ಮೊದಲೇ ಅರೆಬರೆ, ಸೋತ ಕಡೆಯ ಕಡತಗಳಲ್ಲಿ ಎಷ್ಟೋ ಕಳೆದುಹೋದವು. ಹೆಸರು ಇಲ್ಲ ಅಂದ ಮಾತ್ರಕ್ಕೆ ಆ ಮನುಷ್ಯ ಅಲ್ಲಿರಲಿಲ್ಲ ಅಂತ ಅರ್ಥವಲ್ಲ. ಹಾಗಾಗಿ ಹುಡುಕಾಟ ಸೈನ್ಯವನ್ನು ಬಿಟ್ಟು ಸಂಸಾರದ ಕಡೆ ತಿರುಗಿತು. 1860ರ ಜನಗಣತಿಯಲ್ಲಿ ಇಟವಾಂಬ ಕೌಂಟಿಯ ಆ ಕುಟುಂಬ ಸಿಕ್ಕಿತು. ಅದರಲ್ಲಿ ಈ ಹುಡುಗನ ವಯಸ್ಸು: 5.

ಅವರ ಮಾತು ನಿಜವಾಗಿದ್ದರೆ ಅಲ್ಲಿ 17 ಅಂತ ಇರಬೇಕಿತ್ತು.

ಇಲ್ಲಿ ಜನಗಣತಿ ಯಾಕೆ ಇಷ್ಟು ದೊಡ್ಡ ಸಾಕ್ಷಿ ಅಂತ ಸ್ವಲ್ಪ ಹೇಳಬೇಕು. ಅಮೆರಿಕದಲ್ಲಿ ಹತ್ತು ವರ್ಷಕ್ಕೊಮ್ಮೆ ಜನಗಣತಿ ನಡೀತಾ ಬಂದಿದೆ. 1840ರವರೆಗೆ ಮನೆ ಯಜಮಾನನ ಹೆಸರು ಮಾತ್ರ. ಉಳಿದವರೆಲ್ಲ ಬರೀ ಸಂಖ್ಯೆ. 1850ರಿಂದ ಮನೆಯಲ್ಲಿರುವ ಪ್ರತಿಯೊಬ್ಬ ಸ್ವತಂತ್ರ ವ್ಯಕ್ತಿಯ ಹೆಸರು, ವಯಸ್ಸು, ಕಸುಬು, ಹುಟ್ಟಿದ ರಾಜ್ಯ ಬರೆಯೋಕೆ ಶುರು ಮಾಡಿದರು. 1900ರಲ್ಲಿ ಹುಟ್ಟಿದ ತಿಂಗಳು, ಇಸವಿಯನ್ನೂ ಕೇಳಿದರು. 1910ರಲ್ಲಂತೂ ಒಂದು ಕಾಲಂ ಅಂತರ್ಯುದ್ಧದ ಹಳೇ ಸೈನಿಕರಿಗೆ ಅಂತಲೇ ಇತ್ತು. ಉತ್ತರದ ಭೂಸೇನೆಗೆ ಒಂದು ಸಂಕೇತ, ದಕ್ಷಿಣದ ಭೂಸೇನೆಗೆ ಇನ್ನೊಂದು, ನೌಕಾಪಡೆಗಳಿಗೆ ಬೇರೆ. 72 ವರ್ಷ ಕಳೆದ ಮೇಲೆ ಈ ಹಾಳೆಗಳು ಎಲ್ಲರಿಗೂ ತೆರೆದುಕೊಳ್ಳುತ್ತವೆ. 1950ರ ಜನಗಣತಿ 2022ರ ಏಪ್ರಿಲ್ 1ಕ್ಕೆ ಹೊರಬಂತು.

ಈ ಸರಣಿಯಲ್ಲಿ ಒಂದು ದೊಡ್ಡ ತೂತೂ ಇದೆ. 1921ರ ಜನವರಿಯಲ್ಲಿ ವಾಷಿಂಗ್ಟನ್ನಿನ ವಾಣಿಜ್ಯ ಇಲಾಖೆ ಕಟ್ಟಡಕ್ಕೆ ಬೆಂಕಿ ಬಿದ್ದು 1890ರ ಜನಗಣತಿಯ ಹಾಳೆಗಳು ಸುಟ್ಟು, ನೀರಲ್ಲಿ ನೆನೆದು ಹೋದವು. ಉಳಿದಿದ್ದನ್ನೂ ಆಮೇಲೆ ಸರ್ಕಾರವೇ ವಿಲೇವಾರಿ ಮಾಡಿತು. 1880ರಲ್ಲಿ ಮಗುವಾಗಿದ್ದವನು ಮುಂದಿನ ಗಣತಿಯಲ್ಲಿ ಸಿಗುವ ಹೊತ್ತಿಗೆ ಮದುವೆಯಾಗಿ ಬೇರೆ ರಾಜ್ಯಕ್ಕೆ ಹೋಗಿರುತ್ತಾನೆ. ನಡುವಿನ ಇಪ್ಪತ್ತು ವರ್ಷ ಕತ್ತಲು.

ನಮ್ಮಂಥ ಡೇಟಾಬೇಸ್ ಜೊತೆ ಗುದ್ದಾಡುವವರಿಗೆ ಇನ್ನೊಂದು ತೊಂದರೆ ತಕ್ಷಣ ಹೊಳೆಯುತ್ತೆ. ವಿಲಿಯಮ್ಸ್ ಅನ್ನೋ ಹೆಸರು ಆ ಕಡೆ ನಮ್ಮ ಮಂಜುನಾಥನ ಹಾಗೆ, ಕಲ್ಲು ಎಸೆದರೆ ಒಬ್ಬರಿಗೆ ತಾಗುತ್ತೆ. ಹೆಸರನ್ನೇ ಪ್ರೈಮರಿ ಕೀ ಮಾಡಿಕೊಂಡು ಹೊರಟರೆ ಕಥೆ ಮುಗೀತು. ಅದಕ್ಕೇ ವಂಶಾವಳಿ ಹುಡುಕುವವರು ಒಬ್ಬ ಮನುಷ್ಯನನ್ನು ಯಾವತ್ತೂ ಒಂಟಿಯಾಗಿ ಹುಡುಕೋದಿಲ್ಲ. ಅಪ್ಪ ಅಮ್ಮ, ಅಣ್ಣ ತಮ್ಮ ತಂಗಿಯರ ಹೆಸರು ಹಾಗೂ ಅವರ ನಡುವಿನ ವಯಸ್ಸಿನ ಅಂತರ, ಅಕ್ಕಪಕ್ಕದ ಮನೆಯವರು ಎಲ್ಲ ಸೇರಿ ಒಂದು ಗುಂಪು. ಆ ಗುಂಪು ಹತ್ತು ವರ್ಷದ ನಂತರವೂ ಒಟ್ಟಿಗೆ ಸಿಕ್ಕರೆ ಅದೇ ಸಂಸಾರ. ಗಣತಿಗೆ ಬಂದವನಿಗೆ ವಯಸ್ಸು ಹೇಳಿದ್ದು ಅಜ್ಜಿಯೋ, ಪಕ್ಕದ ಮನೆಯವಳೋ ಇರಬಹುದು. ಒಂದೆರಡು ವರ್ಷ ಹೆಚ್ಚುಕಮ್ಮಿ ಆಗೋದು ಸಹಜ. ಆದರೆ ಹದಿನೇಳು ವರ್ಷದ ಹುಡುಗನನ್ನು ಐದು ವರ್ಷದವನು ಅಂತ ಯಾವ ಅಜ್ಜಿಯೂ ಬರೆಸೋದಿಲ್ಲ. ಮೇಲಾಗಿ, 1860ರಲ್ಲಿ ಆ ಹುಡುಗನ ವಯಸ್ಸಿನ ಬಗ್ಗೆ ಸುಳ್ಳು ಹೇಳಿದರೆ ಯಾರಿಗೂ ಮೂರು ಕಾಸಿನ ಲಾಭ ಇರಲಿಲ್ಲ. ಸಾಕ್ಷಿಯನ್ನು ತೂಗುವಾಗ ಇದೇ ದೊಡ್ಡ ಬಟ್ಟು. ಹೇಳಿದವನಿಗೆ ಹೇಳಿದ್ದರಿಂದ ಏನು ಸಿಗುತ್ತಿತ್ತು?

1932ರಲ್ಲಿ ಸಿಗುತ್ತಿತ್ತು. ಅದು ಮಹಾ ಆರ್ಥಿಕ ಕುಸಿತದ ಕಾಲ. ಕೆಲಸ ಇಲ್ಲ, ಬೆಳೆಗೆ ಬೆಲೆ ಇಲ್ಲ, ಮುದುಕರಿಗೆ ಇಡೀ ದೇಶಕ್ಕೆ ಅನ್ವಯಿಸುವ ಸಾಮಾಜಿಕ ಭದ್ರತೆಯ ಕಾನೂನು ಬಂದಿದ್ದೇ 1935ರಲ್ಲಿ. ಉತ್ತರದ ಸೈನಿಕರಿಗೆ ಕೇಂದ್ರ ಸರ್ಕಾರ ಪಿಂಚಣಿ ಕೊಡುತ್ತಿತ್ತು. ಸೋತ ದಕ್ಷಿಣದವರಿಗೆ ಅವರವರ ರಾಜ್ಯಗಳೇ ಕೊಡಬೇಕಿತ್ತು. ಟೆಕ್ಸಾಸ್ 1899ರಲ್ಲಿ ಬಡ ಸೈನಿಕರಿಗೂ ಅವರ ವಿಧವೆಯರಿಗೂ ಪಿಂಚಣಿ ಶುರು ಮಾಡಿತ್ತು. ದಾಖಲೆ ಕಳೆದುಹೋಗಿದೆ ಅಂತ ಎಲ್ಲರಿಗೂ ಗೊತ್ತಿದ್ದರಿಂದ ಸಾಕ್ಷಿಗಳ ಪ್ರಮಾಣದ ಮಾತಿಗೆ ಬೆಲೆ ಇತ್ತು. ಎಪ್ಪತ್ತೇಳೋ ಎಪ್ಪತ್ತೆಂಟೋ ವರ್ಷದ ಬಡ ರೈತ, ಊರಲ್ಲಿ ಪರಿಚಯದವರು. ಹೇಗೆ ನಡೆದಿರಬಹುದು ಅಂತ ಊಹಿಸೋಕೆ ನಮಗೆ ಕಷ್ಟವೇನಿಲ್ಲ.

ಹಳ್ಳಿ ಶಾಲೆಯಲ್ಲಿ ಓದಿದವರು ತಮ್ಮ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ತೆಗೆದು ನೋಡಿ. ಅರ್ಧ ಕ್ಲಾಸಿನ ಹುಟ್ಟುಹಬ್ಬ ಜೂನ್ 1. ಮಗುವನ್ನು ಶಾಲೆಗೆ ಸೇರಿಸೋಕೆ ಬಂದ ಅಪ್ಪನಿಗೆ ತಾರೀಕು ನೆನಪಿಲ್ಲ, ಮೇಷ್ಟ್ರಿಗೆ ಕಾಲಂ ಖಾಲಿ ಬಿಡುವಂತಿಲ್ಲ, ಜೂನ್ 1 ಅಂತ ಬರೆದರು. ಅದೇ ಆಧಾರ್ ಆಯ್ತು, ಪಾಸ್‌ಪೋರ್ಟ್ ಆಯ್ತು, ಫೇಸ್‌ಬುಕ್ಕಿನಲ್ಲಿ ಕೇಕಿನ ಚಿತ್ರವೂ ಆಯ್ತು. ಸಂಧ್ಯಾ ಸುರಕ್ಷಾ ಪಿಂಚಣಿಗೆ 65 ಆಗಬೇಕು ಅಂದಾಗ ಅರವತ್ತರ ಅಜ್ಜಂದಿರಿಗೆ ಒಂದೇ ರಾತ್ರಿಯಲ್ಲಿ ಐದು ವರ್ಷ ಜಾಸ್ತಿ ಆಗಿದ್ದನ್ನು ನಮ್ಮ ಊರುಗಳಲ್ಲಿ ನೋಡದವರು ಯಾರು? ಅವರನ್ನು ವಂಚಕರು ಅಂತ ಕರೆಯೋಕೆ ನನಗೆ ಬಾಯಿ ಬರಲ್ಲ. ವಿಲಿಯಮ್ಸ್ ಅಜ್ಜನನ್ನೂ ಅಷ್ಟೇ.

ಆದರೆ ಅಜ್ಜನ ಸುಳ್ಳು ಅಜ್ಜನ ಕೈಯಲ್ಲೇ ಉಳಿಯಲಿಲ್ಲ, ಅದೇ ಇಲ್ಲಿ ವಿಷಯ. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ನಿಜವಾದ ಸೈನಿಕರು ಒಬ್ಬೊಬ್ಬರಾಗಿ ತೀರಿಹೋದರು, ವಯಸ್ಸು ಏರಿಸಿಕೊಂಡಿದ್ದ ಇವರು ಮಾತ್ರ ಉಳಿದರು. ಉಳಿಯಲೇಬೇಕಲ್ಲ, ಹತ್ತು ಹನ್ನೆರಡು ವರ್ಷ ಚಿಕ್ಕವರು! ಆಮೇಲೆ ಪತ್ರಿಕೆಗಳು ಬಂದವು, ರಾಜಕಾರಣಿಗಳು ಬಂದರು. ಜನರಲ್ ಅನ್ನೋ ಗೌರವ ಪದವಿ ಬಂತು. 1956ರಲ್ಲಿ ಅಂತರ್ಯುದ್ಧದ ಉಳಿದ ಯೋಧರಿಗೆ ಚಿನ್ನದ ಪದಕ ಕೊಡಬೇಕು ಅಂತ ಅಮೆರಿಕದ ಸಂಸತ್ತು ನಿರ್ಧರಿಸಿತು. 1958ರಲ್ಲಿ, ಯುದ್ಧ ಮುಗಿದು 93 ವರ್ಷ ಆದಮೇಲೆ, ಕಾನ್ಫೆಡರೇಟ್ ಸೈನಿಕರಿಗೂ ಕೇಂದ್ರದ ಪಿಂಚಣಿ ಕೊಡುವ ಕಾನೂನು ಆಯ್ತು. ಅಷ್ಟು ಹೊತ್ತಿಗೆ ಅದನ್ನು ತಗೊಳ್ಳೋಕೆ ಬದುಕಿದ್ದವರು ಅಂತ ಲೆಕ್ಕದಲ್ಲಿದ್ದವರು ಇಬ್ಬರೇ, ವಿಲಿಯಮ್ಸ್ ಮತ್ತು ವರ್ಜೀನಿಯಾದ ಜಾನ್ ಸಾಲಿಂಗ್.

ಸಾಲಿಂಗ್ ಅವರ ಕಥೆ ಏನು? 1991ರಲ್ಲಿ ಇತಿಹಾಸಕಾರ ವಿಲಿಯಂ ಮಾರ್ವೆಲ್ ಇಂಥ ‘ಕೊನೆಯ ಸೈನಿಕ’ರನ್ನೆಲ್ಲ ಒಬ್ಬೊಬ್ಬರಾಗಿ ಜನಗಣತಿಯ ಎದುರು ನಿಲ್ಲಿಸಿದರು. ಬ್ಲೂ ಆ್ಯಂಡ್ ಗ್ರೇ ಅನ್ನೋ ಪತ್ರಿಕೆಯಲ್ಲಿ ಅವರ ಲೇಖನ ಬಂತು. ಸಾಲಿಂಗ್ 1860ರ ಗಣತಿಯ ಹೊತ್ತಿಗೆ ಪುಟ್ಟ ಮಗು. ಫ್ಲಾರಿಡಾದ ವಿಲಿಯಂ ಲಂಡಿ ಅವರದ್ದೂ ಇದೇ ಹಾಡು. ಹೀಗೆ ಒಬ್ಬೊಬ್ಬರನ್ನೇ ಪಟ್ಟಿಯಿಂದ ಹೊಡೆದು ಹಾಕುತ್ತಾ ಹೋದಾಗ ಕೊನೆಗೆ ಗಟ್ಟಿಯಾಗಿ ನಿಂತ ಹೆಸರು ಅಲಬಾಮಾದ ಪ್ಲೆಸೆಂಟ್ ಕ್ರಂಪ್ ಅವರದು. ಹುಟ್ಟಿದ್ದು 1847ರ ಡಿಸೆಂಬರ್ 23, ಹತ್ತನೇ ಅಲಬಾಮಾ ಪದಾತಿ ದಳ, 1865ರಲ್ಲಿ ಆಪೊಮಾಟಿಕ್ಸ್‌ನಲ್ಲಿ ಜನರಲ್ ಲೀ ಶರಣಾದಾಗ ಅಲ್ಲೇ ಇದ್ದವರು. ತೀರಿಕೊಂಡಿದ್ದು 1951ರ ಡಿಸೆಂಬರ್ 31. ಅಂದರೆ ದಕ್ಷಿಣದ ನಿಜವಾದ ಕೊನೆಯ ಸಿಪಾಯಿ ಸತ್ತು ಎಂಟು ವರ್ಷ ಆದಮೇಲೆ ದೇಶ ಇನ್ನೊಬ್ಬರಿಗೆ ಆ ಗೌರವದ ವಿದಾಯ ಹೇಳಿತು.

ಯಾರಿಗೂ ಅನುಮಾನ ಬರಲಿಲ್ಲವಾ? ಬ್ರಿಡ್‌ವೆಲ್ ಬರೆದದ್ದು ಅಚ್ಚಾಗಿ ಮೂರು ತಿಂಗಳಾಗಿತ್ತು. ಜನ ಓದಿದ್ದರು. ಆದರೂ ಶವಯಾತ್ರೆ ಹಾಗೇ ನಡೆಯಿತು. ಯುದ್ಧದ ಶತಮಾನೋತ್ಸವ 1961ಕ್ಕೆ ಬರಲಿತ್ತು. ಅದೇ ಹೊತ್ತಿಗೆ ದಕ್ಷಿಣದ ಶಾಲೆಗಳಲ್ಲಿ ಕಪ್ಪು ಮಕ್ಕಳು, ಬಿಳಿ ಮಕ್ಕಳು ಒಟ್ಟಿಗೆ ಕೂರಬೇಕೋ ಬೇಡವೋ ಅನ್ನೋ ಜಗಳ ಬೀದಿಗೆ ಬಂದಿತ್ತು. 1957ರಲ್ಲಿ ಲಿಟಲ್ ರಾಕ್‌ನಲ್ಲಿ ಒಂಬತ್ತು ಮಕ್ಕಳನ್ನು ಶಾಲೆಗೆ ಬಿಡಲು ಸೈನ್ಯವೇ ಬರಬೇಕಾಯ್ತು. ಅಂಥ ಹೊತ್ತಲ್ಲಿ ಹಳೇ ದಕ್ಷಿಣದ ಕೊನೆಯ ವೀರ ಅಂತ ತೋರಿಸೋಕೆ ಒಬ್ಬ ಅಜ್ಜ ಬೇಕಿತ್ತು. ಬೇಕಾದಾಗ ದಾಖಲೆಯನ್ನು ಯಾರು ನೋಡ್ತಾರೆ?

ಹಾಗಂತ ಎಲ್ಲ ಅಜ್ಜಂದಿರೂ ಸುಳ್ಳುಬುರುಕರಲ್ಲ. ಉತ್ತರದ ಕಡೆಯ ಕೊನೆಯ ಸೈನಿಕ ಆಲ್ಬರ್ಟ್ ವೂಲ್ಸನ್ ಅವರನ್ನು ನೋಡಿ. ಮಿನ್ನೆಸೋಟದ ಡುಲುತ್ ಊರಿನವರು, ಮರಗೆಲಸ ಮಾಡಿ ಬದುಕಿದವರು, 1956ರ ಆಗಸ್ಟ್ 2ರಂದು ತೀರಿಕೊಂಡರು. ತಾನು ಹುಟ್ಟಿದ್ದು 1847 ಅಂತ ಹೇಳುತ್ತಿದ್ದರು. ಆ ಪ್ರಕಾರ 109 ವರ್ಷ. ಆದರೆ 1850ರ ಗಣತಿಯನ್ನೂ ಆಮೇಲಿನವನ್ನೂ ಜೋಡಿಸಿ ನೋಡಿದವರು ಹೇಳೋದು, ಹುಟ್ಟಿದ್ದು 1850, ಸತ್ತಾಗ 106. ಇಲ್ಲೂ ವಯಸ್ಸು ತಪ್ಪು. ಆದರೆ ಸೈನ್ಯದ ದಾಖಲೆ ಗಟ್ಟಿ: ಮಿನ್ನೆಸೋಟದ ಮೊದಲನೇ ಹೆವಿ ಆರ್ಟಿಲರಿ, ಸಿ ಕಂಪನಿ, ಡೋಲು ಬಾರಿಸುವ ಹುಡುಗ. ಸೇರಿದ್ದು 1864ರ ಅಕ್ಟೋಬರ್ 10, ಬಿಡುಗಡೆ 1865ರ ಸೆಪ್ಟೆಂಬರ್ 7. ಅವರ ಕಂಪನಿ ಒಂದೂ ಕಾಳಗ ನೋಡಲಿಲ್ಲ.

ಗಮನಿಸಿ, ಒಂದೇ ಜನಗಣತಿ ಒಬ್ಬರನ್ನು ಸೈನಿಕ ಅಲ್ಲ ಅಂತ ತೋರಿಸಿತು, ಇನ್ನೊಬ್ಬರನ್ನು ನಾವು ಅಂದುಕೊಂಡದ್ದಕ್ಕಿಂತ ಚಿಕ್ಕ ಸೈನಿಕ ಅಂತ ತೋರಿಸಿತು. ಹದಿನೇಳರ ತರುಣ ಅಂತಿದ್ದವನು ಹದಿನಾಲ್ಕರ ಹುಡುಗನಾದ. ಸೇರುವಾಗ ಏರಿಸಿಕೊಂಡ ವಯಸ್ಸು ಜೀವಮಾನವೆಲ್ಲ ಅವರ ಹಿಂದೆಯೇ ಬಂದಿರಬಹುದು, ನಮ್ಮ ಜೂನ್ 1ರ ಹಾಗೆ. ಉತ್ತರದ ಹಳೇ ಸೈನಿಕರು 1866ರಲ್ಲಿ ಕಟ್ಟಿದ್ದ ಸಂಘ ಗ್ರ್ಯಾಂಡ್ ಆರ್ಮಿ ಆಫ್ ದಿ ರಿಪಬ್ಲಿಕ್. ಒಂದು ಕಾಲಕ್ಕೆ ನಾಲ್ಕು ಲಕ್ಷ ಸದಸ್ಯರಿದ್ದ ಆ ಸಂಘ ವೂಲ್ಸನ್ ಅವರೊಂದಿಗೇ ಮುಗಿಯಿತು.

ಇಲ್ಲಿಗೆ ನಿಲ್ಲಿಸಿದರೆ ಇದು ಪತ್ತೇದಾರಿ ಕಥೆಯಂತೆ ಚೆನ್ನಾಗಿರುತ್ತೆ. ಆದರೆ 1860ರ ಅದೇ ಗಣತಿಗೆ ಇನ್ನೊಂದು ಪುಸ್ತಕವೂ ಇತ್ತು.

ಇಟವಾಂಬದಲ್ಲಿ ಐದು ವರ್ಷದ ವಿಲಿಯಮ್ಸ್ ಹೆಸರು ಬರೆದುಕೊಂಡ ಕಾಲದಲ್ಲೇ, ಅದೇ ಸೀಮೆಯಲ್ಲಿ ಐದು ವರ್ಷದ ಕಪ್ಪು ಮಕ್ಕಳೂ ಇದ್ದರು. ಅವರನ್ನು ಬರೆದುಕೊಂಡಿದ್ದು ಗುಲಾಮರ ಪಟ್ಟಿಯಲ್ಲಿ. ಅಲ್ಲಿ ಮೊದಲು ಮಾಲೀಕನ ಹೆಸರು. ಅದರ ಕೆಳಗೆ ವಯಸ್ಸು, ಗಂಡೋ ಹೆಣ್ಣೋ, ಬಣ್ಣ. ಹೆಸರಿನ ಕಾಲಂ ಇಲ್ಲ. ಬಿಳಿ ಹುಡುಗನೊಬ್ಬ ಎಪ್ಪತ್ತು ವರ್ಷ ಆದಮೇಲೆ ಹೇಳಿದ ಸುಳ್ಳನ್ನು ಹಿಡಿಯೋಷ್ಟು ಚೆನ್ನಾಗಿ ಬರೆದಿಟ್ಟ ಸರ್ಕಾರ, ಆ ಮಕ್ಕಳು ಮುಂದೆ ಹೇಳಬಹುದಾದ ನಿಜವನ್ನು ಸಾಬೀತು ಮಾಡೋಕೆ ಏನೂ ಉಳಿಸಲಿಲ್ಲ. ಗುಲಾಮಗಿರಿಯಿಂದ ಬಿಡುಗಡೆಯಾದವರೆಲ್ಲರ ಹೆಸರು ಮೊದಲ ಬಾರಿಗೆ ಗಣತಿಯಲ್ಲಿ ಬಂದಿದ್ದು 1870ರಲ್ಲಿ. ಇವತ್ತಿಗೂ ಕಪ್ಪು ಕುಟುಂಬಗಳು ವಂಶಾವಳಿ ಹುಡುಕುತ್ತಾ ಹಿಂದೆ ಹೋದರೆ ಆ ಇಸವಿಯ ಗೋಡೆಗೆ ಹಣೆ ಬಡಿಯುತ್ತೆ.

ಆ ಗೋಡೆಯಲ್ಲಿ ಒಂದು ಕಿಂಡಿ ಇದೆ. ಅದೂ ಪಿಂಚಣಿಯೇ. ಉತ್ತರದ ಸೈನ್ಯದಲ್ಲಿ ಸುಮಾರು 1,79,000 ಕಪ್ಪು ಸೈನಿಕರು ಹೋರಾಡಿದರು. ಸತ್ತವರ ವಿಧವೆಯರು ಪಿಂಚಣಿ ಕೇಳಿದಾಗ ಮದುವೆ ಪತ್ರ ತೋರಿಸಿ ಅಂದರು. ಗುಲಾಮರ ಮದುವೆಗೆ ಕಾನೂನಿನ ಮಾನ್ಯತೆಯೇ ಇರಲಿಲ್ಲ, ಪತ್ರ ಎಲ್ಲಿಂದ ತರೋದು? ಹಾಗಾಗಿ ಸಾಕ್ಷಿಗಳನ್ನು ಕರೆತಂದರು. ಜೊತೆಗೆ ಗುಲಾಮರಾಗಿದ್ದವರು, ಹೆರಿಗೆ ಮಾಡಿಸಿದ ಸೂಲಗಿತ್ತಿಯರು, ಕೆಲವೊಮ್ಮೆ ಹಳೇ ಮಾಲೀಕನ ಮನೆಯವರೇ ಬಂದು ಹೇಳಿಕೆ ಕೊಟ್ಟರು. ಇವರಿಬ್ಬರೂ ಗಂಡ ಹೆಂಡತಿ ಅಂತ ಬದುಕಿದ್ದರು, ಈ ಮಗು ಹುಟ್ಟಿದ್ದು ಆ ವರ್ಷ, ಈತನನ್ನು ಅಲ್ಲಿಂದ ಇಲ್ಲಿಗೆ ಮಾರಿದ್ದರು, ಸೈನ್ಯ ಸೇರುವಾಗ ಮಾಲೀಕನ ಹೆಸರು ಬರೆಸಿದ್ದ, ಆಮೇಲೆ ತನ್ನ ಅಪ್ಪನ ಹೆಸರು ಇಟ್ಟುಕೊಂಡ. ಹೀಗೆ. ಗುಮಾಸ್ತ ಅದನ್ನು ಬರೆದುಕೊಂಡಿದ್ದು ಅನುಮಾನದಿಂದ, ಸುಳ್ಳು ಹಿಡಿಯೋಕೆ. ನೂರೈವತ್ತು ವರ್ಷ ಆದಮೇಲೆ ಅದೇ ಆ ಮನೆತನದ ಪುರಾಣ. ವಾಷಿಂಗ್ಟನ್ನಿನ ರಾಷ್ಟ್ರೀಯ ದಫ್ತರಿನಲ್ಲಿ ಇಂಥ ಕಡತಗಳಿವೆ. ಬಿಳಿಯ ವಿಧವೆಯರು ಸಾಕ್ಷಿಗಾಗಿ ಬೈಬಲ್ಲಿನಿಂದ ಹರಿದುಕೊಟ್ಟ ಹಾಳೆಗಳು, ಗಂಡ ಯುದ್ಧಭೂಮಿಯಿಂದ ಬರೆದ ಕಾಗದಗಳೂ ಹಾಗೇ ಉಳಿದಿವೆ. ಇದ್ದ ಒಂದೇ ಕಾಗದವನ್ನು ಸರ್ಕಾರಕ್ಕೆ ಕೊಟ್ಟು ಆ ಹೆಂಗಸು ಬರಿಗೈಲಿ ಮನೆಗೆ ಹೋಗಿರಬೇಕು.

ಈ ಪಿಂಚಣಿ ಎಲ್ಲಿಯವರೆಗೆ ನಡೆಯಿತು ಗೊತ್ತಾ? 2020ರ ಮೇ 31ರವರೆಗೆ. ಮೋಸ್ ಟ್ರಿಪ್ಲೆಟ್ ಅನ್ನೋ ನಾರ್ತ್ ಕೆರೊಲಿನಾದ ಹುಡುಗ ಮೊದಲು ದಕ್ಷಿಣದ ಸೈನ್ಯದಲ್ಲಿದ್ದ. 1863ರಲ್ಲಿ ಗೆಟಿಸ್‌ಬರ್ಗ್ ಕಾಳಗಕ್ಕೆ ಹೋಗುವ ದಾರಿಯಲ್ಲಿ ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದ, ಅಲ್ಲಿಂದ ಓಡಿಹೋದ. ಅವನ ದಳದ ಬಹುಪಾಲು ಜನ ಆ ಕಾಳಗದಲ್ಲಿ ಸತ್ತರು ಇಲ್ಲವೇ ಗಾಯಗೊಂಡರು. ಮರುವರ್ಷ ಅವನು ಉತ್ತರದ ಸೈನ್ಯ ಸೇರಿದ. ಮುದಿವಯಸ್ಸಿನಲ್ಲಿ ಎರಡನೇ ಮದುವೆ, 83ರ ವಯಸ್ಸಿನಲ್ಲಿ 1930ರಲ್ಲಿ ಮಗಳು ಐರೀನ್. ಬುದ್ಧಿಮಾಂದ್ಯತೆಯಿದ್ದ ಮಗಳಿಗೆ ಅಪ್ಪನ ಪಿಂಚಣಿ ಮುಂದುವರಿಯಿತು, ತಿಂಗಳಿಗೆ 73 ಡಾಲರ್ 13 ಸೆಂಟ್. ಆಕೆ ತೀರಿಕೊಂಡಾಗ 90. ಒಬ್ಬ ಹುಡುಗ ಗೆಟಿಸ್‌ಬರ್ಗ್‌ಗೆ ಹೋಗದೆ ಉಳಿದಿದ್ದರ ಲೆಕ್ಕ ನಮ್ಮ ಕೊರೊನಾ ಲಾಕ್‌ಡೌನಿನವರೆಗೂ ಒಂದು ಸರ್ಕಾರಿ ಲೆಜರಿನಲ್ಲಿ ನಡೀತಾ ಇತ್ತು.

ಇದನ್ನೆಲ್ಲ ಓದಿದ ನಮ್ಮಂಥವರು ಕೇಳೋ ಪ್ರಶ್ನೆ, ನಮ್ಮ ಕಡೆ ಹೀಗೆ ಹುಡುಕೋಕಾಗುತ್ತಾ? ಜನಗಣತಿಯಿಂದ ಆಗಲ್ಲ. 1948ರ ನಮ್ಮ ಜನಗಣತಿ ಕಾಯಿದೆಯ 15ನೇ ಕಲಮಿನ ಪ್ರಕಾರ ಮನೆಮನೆಯ ವಿವರಗಳನ್ನು ಯಾರಿಗೂ ತೋರಿಸುವಂತಿಲ್ಲ. 72 ವರ್ಷದ ಮಾತೇ ಇಲ್ಲ. ನಮ್ಮಲ್ಲಿ ವಂಶವೃಕ್ಷ ಅಂದರೆ ಪೌತಿ ಖಾತೆಗೆ ಬೇಕಾದ ತಾಲ್ಲೂಕು ಕಚೇರಿಯ ಕಾಗದ. ಜಮೀನು ಇದ್ದವರಿಗೆ ಮಾತ್ರ ಅದು ಬೇಕಾಗೋದು. ಜಮೀನಿಲ್ಲದವರ ತಾತ ಯಾವ ಪಹಣಿಯಲ್ಲೂ ಸಿಗಲ್ಲ. ಅಮೆರಿಕದ ಆ ಎರಡನೇ ಪುಸ್ತಕದ ನೆನಪಾಗೋದು ಇಲ್ಲೇ.

ಇನ್ನು ಉಳಿದವರು ಹೆಳವರು. ಎತ್ತಿನ ಮೇಲೆ ಕೂತು ಊರೂರಿಗೆ ಬಂದು, ಮನೆ ಮುಂದೆ ನಿಂತು ಏಳೆಂಟು ತಲೆಮಾರಿನ ಹೆಸರು, ಮೂಲ ಊರು ಒಪ್ಪಿಸಿ, ಕಾಳುಕಡಿ ತಗೊಂಡು ಹೋಗುತ್ತಿದ್ದ ಜನ. ಹೊಸದಾಗಿ ಹುಟ್ಟಿದ ಮಕ್ಕಳ ಹೆಸರನ್ನು ಬರೆದುಕೊಂಡು ಹೋಗುತ್ತಿದ್ದರು. ಈಗಲೂ ಕೆಲವರು ಬರುತ್ತಾರೆ, ಎತ್ತಿನ ಬದಲು ಬೈಕಿನಲ್ಲಿ. ಆದರೆ ಅವರು ಬಂದಾಗ ಮನೆಯಲ್ಲಿ ಇರಬೇಕಾದ ನಾವು ಬೆಂಗಳೂರಿನಲ್ಲಿ ಮೀಟಿಂಗಿನಲ್ಲಿ ಇರುತ್ತೇವೆ.

ನಿಮ್ಮ ಮನೆಯಲ್ಲಿ ಮಿಲಿಟರಿಗೆ ಹೋಗಿ ಬಂದ ತಾತನೋ ದೊಡ್ಡಪ್ಪನೋ ಇದ್ದರೆ, ಅವರ ಟ್ರಂಕಿನಲ್ಲಿ ಡಿಸ್ಚಾರ್ಜ್ ಪುಸ್ತಕ ಇರುತ್ತೆ, ಪಿಂಚಣಿ ಆದೇಶದ ಕಾಗದ ಇರುತ್ತೆ. ಅದರ ಮೇಲಿನ ಸೇವಾ ಸಂಖ್ಯೆ, ರೆಜಿಮೆಂಟು, ಸೇರಿದ ಮತ್ತು ಬಿಟ್ಟ ತಾರೀಕು, ಇಷ್ಟನ್ನು ಫೋಟೋ ತೆಗೆದಿಟ್ಟುಕೊಳ್ಳಿ. ಅವರು ಹೇಳೋ ಕಥೆಯನ್ನೂ ರೆಕಾರ್ಡ್ ಮಾಡಿ. ಎರಡೂ ಒಂದಕ್ಕೊಂದು ತಾಳೆ ಆಗದಿದ್ದರೆ ಗಾಬರಿಯಾಗಬೇಡಿ. ತಾಳೆಯಾಗದ ಜಾಗದಲ್ಲೇ ಅವರ ಬಡತನವೋ, ಭಯವೋ, ಆಸೆಯೋ ಏನೋ ಒಂದು ಇರುತ್ತೆ. ವಿಲಿಯಮ್ಸ್ ಅಜ್ಜ ಸಿಪಾಯಿ ಆಗಿರಲಿಲ್ಲ, ಸರಿ. ಆದರೆ 1932ರಲ್ಲಿ ಎಂಬತ್ತರ ಹತ್ತಿರದ ಮುದುಕನೊಬ್ಬನಿಗೆ ಹೊಟ್ಟೆಪಾಡಿಗೆ ಒಂದು ಯುದ್ಧ ಬೇಕಾಗಿತ್ತು ಅನ್ನೋದೂ ಇತಿಹಾಸವೇ.